ಎರಡು ತಿಂಗಳು ಕಡಿಮೆ

"ನಿಮ್ಮ ಟ್ರೇನಿಂಗ್ ಸರ್ಟಿಫಿಕೇಟ್ ಎಲ್ಲೈತ್ರಿ ಮೇಡಂ?"

ಬೋರ್ಡಿನ ಮೇಲೆ ಭಿನ್ನರಾಶಿ ಬರೆಯುತ್ತಿದ್ದ ಮೈತ್ರಿ ತಟ್ಟನೆ ತಿರುಗಿದಳು. ಬಾಗಿಲಲ್ಲಿ ಕೈತುಂಬ ಫೈಲು ಹಿಡಿದು ನಿಂತಿದ್ದ ಅಪರಿಚಿತನನ್ನು ಕಂಡು ಮೈ ಉರಿದುಹೋಯಿತು.

"ಪಾಠ ನಡೀತಿದೆ ಸಾರ್. ಕಾಣಿಸ್ತಿಲ್ವಾ?"

"ಕಾಣಸ್ತೈತ್ರಿ..." ಅವನು ಪೆಚ್ಚಾದ. "ಮುಗೀಲಿ, ಆಮೇಲೆ ಕೇಳ್ತೀನಿ."

ಕಡೆಯ ಬೆಂಚಿನಲ್ಲಿ ಮಕ್ಕಳ ಪಕ್ಕ ಮುದುರಿ ಕೂತು, ಪೂರ್ತಿ ನಲವತ್ತು ನಿಮಿಷ ಅವಳ ಪಾಠ ಕೇಳಿದ!

2003ರ ಜನವರಿ. ಟ್ರೇನಿಂಗ್ ಆಗದ ಶಿಕ್ಷಕರು ಇನ್ನು ಪಾಠ ಮಾಡುವಂತಿಲ್ಲ ಎಂಬ ಮಸೂದೆ ವಿಧಾನಸಭೆಯ ಮುಂದಿತ್ತು. ತಿಲಕ್ ನಗರದ ಆ ಪುಟ್ಟ ಕನ್ನಡ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಮೈತ್ರಿ ಬಿ.ಎಸ್ಸಿ. ಮಾಡಿದ್ದಳು. ಶಿಕ್ಷಕರ ತರಬೇತಿ, ಅಂದರೆ ಟಿ.ಸಿ.ಎಚ್., ಮಾಡಿರಲಿಲ್ಲ.

ಬಂದವನ ಹೆಸರು ನಿಂಗರಾಜ. ಬಾಗಲಕೋಟೆ ಕಡೆಯವನು, ಬಿಟಿಎಂನಲ್ಲಿ ಬಾಡಿಗೆ ರೂಮು. ಶಿಕ್ಷಣ ಇಲಾಖೆಯ ಗುಮಾಸ್ತ. ಶಾಲೆ ಶಾಲೆ ಅಲೆದು ಶಿಕ್ಷಕರ ಪಟ್ಟಿ ಮಾಡುವುದು ಅವನ ಪಾಲಿಗೆ ಬಿದ್ದಿತ್ತು.

ಒಂದು ಸಲ ಬಂದರೆ ಸಾಕಿತ್ತು. ನಾಲ್ಕು ಸಲ ಬಂದ. ನಾಲ್ಕನೇ ಸಲ ಕೈಯಲ್ಲಿ ಫೈಲೇ ಇರಲಿಲ್ಲ!

ಅಂದು ಬಸ್ ಸ್ಟಾಪಿನವರೆಗೆ ಜೊತೆಗೆ ನಡೆಯುತ್ತಾ ಹೇಳಿದ್ದ: "ಇಲಾಖೆ ಬರೀ ಸರ್ಟಿಫಿಕೇಟ್ ಕೇಳೈತ್ರಿ. ಯಾರು ಎಷ್ಟು ವರ್ಷ ಪಾಠ ಮಾಡ್ಯಾರ ಅನ್ನೂದನ್ನೂ ನಾನು ಬರಿಯಾಕತ್ತೀನಿ. ನೋಡಿದ್ರ ಶಾಸಕರು ಒಂದು ದಾರಿ ಬಿಟ್ಟಾರು."

'ನಮ್ಮಂಥವರ ಬಗ್ಗೆ ಯೋಚನೆ ಮಾಡೋನೂ ಒಬ್ಬ ಇದಾನಾ...' ಆ ದಿನದಿಂದ ಮೈತ್ರಿಯ ಕಣ್ಣು ಆಗಾಗ ಶಾಲೆಯ ಗೇಟಿನ ಕಡೆ ಹೋಗತೊಡಗಿತು.

ಮಾರ್ಚಿನಲ್ಲಿ ದಾರಿ ಬಿಟ್ಟರು. ಜೂನ್ ಒಂದಕ್ಕೆ ಎಂಟು ವರ್ಷ ಸೇವೆ ಮುಗಿಸಿದವರು ಕೆಲಸದಲ್ಲಿದ್ದುಕೊಂಡೇ ರಜೆಯಲ್ಲಿ ತರಬೇತಿ ಪಡೆಯಬಹುದು. ಉಳಿದವರು ಬಿಡಬೇಕು.

ಎಂಟು ವರ್ಷ! ಅವಳು ಪಾಠಕ್ಕೆ ನಿಂತದ್ದು 95ರ ಜೂನ್ ಒಂದರಂದೇ ಅಲ್ಲವೇ? ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಪೇಡ ಹಂಚಿದಳು.

ಏಪ್ರಿಲ್‌ನಲ್ಲಿ ಪಟ್ಟಿ ಬಂತು. ಅವಳ ಹೆಸರಿನ ಮುಂದೆ ಹೀಗಿತ್ತು: ಏಳು ವರ್ಷ ಹತ್ತು ತಿಂಗಳು. ಅನರ್ಹ.

ಪಟ್ಟಿ ಹಿಡಿದುಕೊಂಡೇ ಅವಳು ಜಯನಗರದ ಅವನ ಆಫೀಸಿಗೆ ಹೋದಳು.

"ಇದನ್ನ ನೀವೇ ಬರೆದಿದ್ದಾ?"

"ಹೌದ್ರಿ."

"ಟೀಚರ್ ಒಬ್ಬರಿಗೆ ಹುಷಾರಿಲ್ಲ ಅಂತ ಜೂನ್‌ನಿಂದ ಅವರ ಬದಲು ನಾನೇ ಪಾಠ ಮಾಡಿದೆ ಅಂತ ಹೇಳಿದ್ನಲ್ಲಾ!"

"ಹೇಳೀರಿ. ನಾನು ನಂಬೀನಿ. ಆದ್ರ ರಿಜಿಸ್ಟರ್‌ನಾಗ ನಿಮ್ಮ ಸಹಿ ಆಗಸ್ಟ್‌ನಿಂದ ಐತಿ..."

"ಆಗಸ್ಟ್ ಬದಲು ಜೂನ್ ಅಂತ ಬರೆಯೋಕೆ ಕೈ ಬರಲಿಲ್ವಾ? ಒಂದೇ ಒಂದು ಪದ! ನನಗೋಸ್ಕರ..."

ಅವನು ತಲೆ ತಗ್ಗಿಸಿ ಫೈಲು ಮುಚ್ಚಿದ.

ಆ ಮುಚ್ಚಿದ ಫೈಲು ಅವಳನ್ನು ಕೊಂದೇಹಾಕಿತು. 'ಇವನಿಗೆ ನಾನು ಪಟ್ಟಿಯಲ್ಲಿ ಒಂದು ಹೆಸರು, ಅಷ್ಟೇ!'

ಜೂನ್‌ನಲ್ಲಿ ಶಾಲೆ ಶುರುವಾಯಿತು. ಮನೆ ಬಾಗಿಲಲ್ಲಿ ನಿಂತಿದ್ದವಳನ್ನು ನೋಡಿ ಮಕ್ಕಳು ಕೂಗಿದರು. "ಮಿಸ್, ಬರಲ್ವಾ?" ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಂಟು ವರ್ಷ ಹೇಳಿಕೊಟ್ಟ ಪಾಠ ಎಲ್ಲರಿಗೂ ಗೊತ್ತು, ಕಾಗದಕ್ಕೆ ಮಾತ್ರ ಗೊತ್ತಿಲ್ಲ! ಯಾರ ಮೇಲೆ ಕೂಗಾಡುವುದು?

ಅಂದು ಸಂಜೆ ಹೆಡ್‌ಮಿಸ್ ಶಾಂತಾದೇವಿ ಮನೆಗೆ ಬಂದರು.

"ಮೈತ್ರಿ, ವಿಷಯ ಗೊತ್ತಾಯ್ತಾ? ಪಟ್ಟಿ ಸುಳ್ಳು ಅಂತ ಯಾರೋ ದೂರು ಕೊಟ್ರು. ಎಲ್ಲಾ ಶಾಲೆ ರಿಜಿಸ್ಟರ್ ತರಿಸಿ ನೋಡಿದ್ರು. ಒಂದು ಶಾಲೇಲಿ ಒಂದೇ ಒಂದು ತಾರೀಖು ತಿದ್ದಿದ್ರಂತೆ. ಅಲ್ಲಿನ ಹನ್ನೊಂದು ಜನರನ್ನೂ ತೆಗೆದುಹಾಕಿದ್ರು!"

"ನಮ್ಮ ಶಾಲೆದು...?"

"ಏನೂ ಸಿಗಲಿಲ್ಲ. ನಾವು ಆರು ಜನ ಉಳ್ಕೊಂಡ್ವಿ." ಅವರು ಹತ್ತಿರ ಸರಿದು ಕೂತರು. "ಇನ್ನೊಂದು ವಿಷಯ. ಆ ನಿಂಗರಾಜ ನಿನ್ನ 95ರ ಮಕ್ಕಳ ಮನೆಮನೆಗೂ ಹೋಗಿದ್ದ. ಜೂನ್‌ನಿಂದ ನೀನೇ ಪಾಠ ಮಾಡಿದ್ದು ಅಂತ ಮೂವತ್ನಾಲ್ಕು ಜನರ ಹತ್ರ ಸಹಿ ಮಾಡಿಸ್ಕೊಂಡು ಮೇಲಕ್ಕೆ ಕಳಿಸಿದ. ಎರಡು ಸಲ ವಾಪಸ್ ಬಂತು. ಮಿತಿ ಮೀರಿದ ಅಂತ ಮೆಮೋನೂ ಕೊಟ್ರು."

"ನನಗ್ಯಾಕೆ ಹೇಳಲಿಲ್ಲ ಮೇಡಂ?"

"ಆಸೆ ಹುಟ್ಟಿಸಿ ಮತ್ತೆ ಅಳಿಸೋದು ಬೇಡ ಅಂದ."

ಮೈತ್ರಿಗೆ ಅಳು ತಡೆಯಲಾಗಲಿಲ್ಲ. ಅವನ ಮೇಲಿನ ಸಿಟ್ಟೋ, ತನ್ನ ಮೇಲಿನ ಸಿಟ್ಟೋ, ಆ ಕಾನೂನಿನ ಮೇಲಿನದೋ...

ಮರುದಿನ ಆಫೀಸು ಬಿಡುವ ಹೊತ್ತಿಗೆ ಮೆಟ್ಟಿಲ ಕೆಳಗೆ ನಿಂತಿದ್ದಳು. ಅವಳನ್ನು ಕಂಡು ನಿಂಗರಾಜ ಅರ್ಧ ಮೆಟ್ಟಿಲಲ್ಲೇ ನಿಂತುಬಿಟ್ಟ.

"ನನ್ನ ಸಿಟ್ಟು ಇನ್ನೂ ಹೋಗಿಲ್ಲ," ಎಂದಳು.

"ಹೋಗಬಾರದ್ರಿ. ನನಗೂ ಹೋಗಿಲ್ಲ." ಅವನು ಉಳಿದ ಮೆಟ್ಟಿಲು ಇಳಿದು ಬಂದ. "ನಿಮಗ ಆಗಿದ್ದು ಅನ್ಯಾಯ. ಬರಿಯೋ ಮುಂದ ಮೂರು ಸಲ ಪೆನ್ ಕೆಳಗಿಟ್ಟೆ. ಸುಳ್ಳು ಬರದ್ರ ಎಲ್ಲಾರೂ ಹೋಗ್ತಿದ್ರು... ಖರೇ ಬರದು ನಿಮ್ಮನ್ನ ಕಳಕೊಂಡೆ ಅನ್ಕೊಂಡೆ."

"ಅವತ್ತೇ ಹೇಳಬಾರದಿತ್ತಾ?"

"ನಿಮ್ಮ ಕೆಲಸ ಕಿತ್ಕೊಂಡ ಕೈಲೆ, ನಿಮ್ಮ ಮ್ಯಾಲೆ ಪ್ರೀತಿ ಐತಿ ಅಂತ ಹೆಂಗ ಹೇಳ್ಲಿ?"

ರಸ್ತೆಯಲ್ಲಿ ಬಸ್ಸುಗಳು ಹಾರ್ನ್ ಮಾಡುತ್ತಲೇ ಇದ್ದವು. ಮೈತ್ರಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಟಿ.ಸಿ.ಎಚ್.ಗೆ ಅರ್ಜಿ ಹಾಕ್ತಿದೀನಿ. ಇಪ್ಪತ್ತೊಂಬತ್ತನೇ ವಯಸ್ಸಲ್ಲಿ ಹುಡುಗೀರ ಜೊತೆ ಕೂತು ಎರಡು ವರ್ಷ ಓದಬೇಕು. ದಿನಾ ಮೈ ಉರಿಯುತ್ತೆ. ದಿನಾ ಯಾರಿಗಾದರೂ ಬೈಬೇಕು ಅನ್ಸುತ್ತೆ."

"ನನಗ ಬೈರಿ."

ತಡೆದರೂ ಅವಳ ತುಟಿಯಂಚಿನಲ್ಲಿ ನಗು ಮೂಡಿತು. "ಭಾನುವಾರ ಮನೆಗೆ ಬನ್ನಿ. ನಾವು ಬೌದ್ಧರು, ಬೆಳಿಗ್ಗೆ ಬುದ್ಧವಂದನೆ ಇರುತ್ತೆ, ಅಪ್ಪನೂ ಸಿಗ್ತಾರೆ. ಆದ್ರೆ ನಿಮ್ಮ ಮನೇಲಿ ಒಪ್ತಾರಾ?"

"ಅವ್ವಗ ಆಗಲೇ ಹೇಳೀನ್ರಿ. ಹುಡುಗಿ ಹೆಂಗದಾಳ ಅಂತ ಕೇಳಿದ್ಲು."

"ಏನಂದ್ರಿ?"

"ತಪ್ಪು ಅನ್ನಿಸಿದ್ರ ಯಾರನ್ನೂ ಬಿಡಂಗಿಲ್ಲ, ಬಾಳ ಬೈತಾಳ ಅಂದೆ."

"ಅಯ್ಯೋ! ಅದಕ್ಕವರು?"

"ಹಂಗಾದ್ರ ಲಗೂನ ಕರ್ಕೊಂಡ್ ಬಾ ಅಂದ್ಲು."

ಎರಡು ತಿಂಗಳಲ್ಲಿ ಮೊದಲ ಸಲ ಅವಳು ಬಾಯಿತುಂಬ ನಕ್ಕಳು. ಮೆಲ್ಲಗೆ ಅವನ ಕೈ ಹಿಡಿದುಕೊಂಡಳು.

"ಬರ್ತೀನಿ ಅಂತ ಅಮ್ಮಂಗೆ ಹೇಳಿ."