ಏಳನೇ ನಂಬರಿನ ಓಗೊಡುವಿಕೆ

“ತಲೆ ಕೆಟ್ಟಿದ್ಯಾ ಭಾವ ನಿಮಗೆ? ಆ ಏಳನ್ನ ಪಟ್ಟಿಯಿಂದ ಅಳಿಸಿ, ಊಟಕ್ಕೆ ಹೋಗೋಣ,” ಎಂದು ನನ್ನ ಭಾಮೈದ ರೇಗಿದ.

“ಬಾಯ್ಮುಚ್ಚು. ಏಳನೇ ಮೀಟರ್ ನನ್ನ ಕೈಯಲ್ಲೇ ಇದೆ. ಮತ್ತೆ ಅಲ್ಲಿಂದ ಉತ್ತರ ಕೊಡ್ತಿರೋದು ಯಾರು?”

ಅದೊಂದು ಕೋಲ್ಡ್ ಸ್ಟೋರೇಜ್. ಅಲ್ಲಿನ ಹಳೆಯ ಟೆಂಪರೇಚರ್ ಮೀಟರುಗಳಿಗೆ ಹೊಸ ನೆಟ್‌ವರ್ಕಿನ ಭಾಷೆ ಬಾರದು. ಹಾಗಾಗಿ ನಡುವೆ ದುಭಾಷಿಯಂತೆ ಗೇಟ್‌ವೇ ಎಂಬ ಪೆಟ್ಟಿಗೆ ಕೂರಿಸಿದ್ದೆವು. ಮೇಷ್ಟ್ರು ಹಾಜರಿ ಕರೆದ ಹಾಗೆ ಅದು ನಾನು ಬರೆದುಕೊಟ್ಟ ಪಟ್ಟಿಯಿಂದ ಒಂದೊಂದೇ ನಂಬರ್ ಕರೆಯುತ್ತದೆ, ಆ ನಂಬರಿನ ಮೀಟರ್ ಓಗೊಡುತ್ತದೆ. ಆರು ಕೋಣೆಗಳು ಮೈನಸ್ ಹದಿನೆಂಟು ಎಂದವು. ಏಳನೆಯದು ಮುಚ್ಚಿ ವರ್ಷಗಳಾಗಿದ್ದವು. ಅದರ ಮೀಟರನ್ನು ಬೆಳಿಗ್ಗೆ ನಾನೇ ಬಿಚ್ಚಿ ತಂದಿದ್ದೆ. ಆದರೂ ಏಳು ಓಗೊಟ್ಟಿತು: ಮೂವತ್ತಾರೂ ಮುಕ್ಕಾಲು ಡಿಗ್ರಿ. ಮನುಷ್ಯನ ಮೈಯಷ್ಟು ಬಿಸಿ. ಆ ಕೋಣೆಯ ವೈರನ್ನೇ ಕತ್ತರಿಸಿದೆ. ಮತ್ತೆ ಮೂವತ್ತಾರೂ ಮುಕ್ಕಾಲೇ.

“ಒಳಗೆ ಯಾರಾದ್ರೂ ಸಿಕ್ಕಾಕ್ಕೊಂಡಿದ್ರೆ? ಅಳಿಸಿಬಿಟ್ರೆ ಅವರ ಗತಿ ಏನೋ?” ಎಂದೆ.

“ಖಾಲಿ ಕೋಣೆ ಅದು. ಬಾಗಿಲು ತೆಗೆದು ನೋಡ್ಕೊಂಡು ಬರ್ತೀನಿ. ಆಮೇಲಾದ್ರೂ ಊಟಕ್ಕೆ ಏಳ್ತೀರಾ?” ಎನ್ನುತ್ತ ಸಿಟ್ಟಿನಿಂದ ಎದ್ದು ಹೋದ.

ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು. ಹತ್ತು ನಿಮಿಷ ಕಾದು ನಾನೂ ಹೋದೆ. ಇರುವುದೇ ಅದೊಂದು ಬಾಗಿಲು, ಒಳಗೆ ಯಾರೂ ಇರಲಿಲ್ಲ. ನೆಲಕ್ಕೆ ಕೈಯಿಟ್ಟೆ, ಬೆಚ್ಚಗಿತ್ತು. ಅವನು ಇಂದಿಗೂ ಬಂದಿಲ್ಲ.

ನಾನು ಪಟ್ಟಿ ಬರೆದಿದ್ದು ಏಳರವರೆಗೆ ಮಾತ್ರ. ಆ ಮಧ್ಯಾಹ್ನದಿಂದ ಅದರಲ್ಲಿ ತಾನಾಗಿಯೇ ಸೇರಿಕೊಂಡ ಎಂಟೂ ಓಗೊಡುತ್ತಿದೆ: ಮೂವತ್ತಾರೂ ಮುಕ್ಕಾಲು. ಅದನ್ನು ಅಳಿಸಲು ನಾನು ಯಾರಿಗೂ ಬಿಟ್ಟಿಲ್ಲ.