ನಾಲ್ಕು ರಸ್ತೆ ನಿಂತ ಗಳಿಗೆ

ಕ್ಯಾಮೆರಾದ ಗುಂಡಿ ಒತ್ತುವವನು ಮಾವ, ನಿಜ. ಆದರೆ ಅವನ ಚಿತ್ರಕ್ಕಾಗಿ ನಾಲ್ಕು ರಸ್ತೆಯ ವಾಹನಗಳನ್ನು ತಡೆದು ನಿಲ್ಲಿಸುವವಳು ಯಾರು? ಈ ಪ್ರಶ್ನೆಯನ್ನು ಅವಳು ವರ್ಷಗಳಿಂದ ಸೀಟಿಯ ಜೊತೆ ಬಾಯಲ್ಲೇ ಇಟ್ಟುಕೊಂಡಿದ್ದಳು. ಸೋದರಮಾವನಿಗೆ ಬೀದಿಯ ಹುಚ್ಚು. ಬಸ್ಸು, ಆಟೋ, ಕೈಗಾಡಿ, ಸ್ಕೂಟರಿನ ಮೇಲೆ ಇಡೀ ಸಂಸಾರ, ಎಲ್ಲವೂ ಒಂದಕ್ಕೊಂದು ಸಿಕ್ಕಿಕೊಂಡ ಗಳಿಗೆಯೇ ಅವನಿಗೆ ಬೇಕು. ಅವನು ಮೇಲೆ, ಹಲ್ಲಿನ ಡಾಕ್ಟರ ಬಾಲ್ಕನಿಯಲ್ಲಿ. ಅವಳು ಕೆಳಗೆ, ವಾಹನಗಳ ಹೊಗೆ ಕುಡಿಯುತ್ತ, ಕೈಯೆತ್ತಿ ಸೀಟಿ ಊದುತ್ತ. ಆಟೋದವರ ಬಾಯಲ್ಲಿ ಅವಳು 'ಸೀಟಿ ಅಕ್ಕ'. ಚಿತ್ರದ ಕೆಳಗೆ ಮಾತ್ರ ಮಾವನೊಬ್ಬನದೇ ಹೆಸರು.

ಮಾವನದು ಎರಡೇ ಮಂತ್ರ. "ಫ್ರೇಮಿನ ಹೊರಗೆ ನಿಂತ್ಕೊಳಮ್ಮ." ಇನ್ನೊಂದು, "ಧೂಳು ಕಂಡ್ರೆ ಚಿತ್ರ ಸತ್ತ ಹಾಗೆ." ಹೀಗಾಗಿ ಕ್ಯಾಮೆರಾ ಚೀಲದಿಂದ ಹೊರಬರುವ ಮೊದಲೇ ಅವಳು ಒದ್ದೆ ಬಟ್ಟೆ ಹಿಡಿದು ಅಂಗಡಿಯ ಬೋರ್ಡು, ಸಿಗ್ನಲ್ ಕಂಬ, ಎದುರು ಬರುವ ಗಾಡಿ ಕಾಣಲೆಂದು ತಿರುವಿನಲ್ಲಿ ನೆಟ್ಟ ಗುಂಡುಗನ್ನಡಿ, ಯಾರದೋ ಸ್ಕೂಟರು, ಎಲ್ಲವನ್ನೂ ಒರೆಸಿ ಬರಬೇಕು.

"ಅಕ್ಕಾ, ನನ್ ಮುಖಾನೂ ಒಂದ್ಸಲ ಒರೆಸ್ಬಿಡಿ," ಎಂದು ಆಟೋದವನೊಬ್ಬ ಹಲ್ಲು ಕಿರಿದ.

"ನಿನ್ ಮುಖಕ್ಕೆ ಬಟ್ಟೆ ಸಾಲಲ್ಲಪ್ಪ, ಪಾತ್ರೆ ತಿಕ್ಕೋ ನಾರು ಬೇಕು."

ಅವತ್ತೇ ಆ ಗಳಿಗೆ ಬಂದದ್ದು. ಅವಳು ಸೀಟಿ ಊದಿದಳು, ರಸ್ತೆ ಗಕ್ಕನೆ ನಿಂತಿತು. ಬರಿದಾದ ನಡುರಸ್ತೆಯಲ್ಲಿ ಇಬ್ಬರು ಹಮಾಲರು ತಲೆಯ ಮೇಲೆ ಸೋಫಾ ಹೊತ್ತು ದಾಟಿದರು. ಸೋಫಾದ ಮೇಲೆ ಮಹಾರಾಜನಂತೆ ಮಲಗಿತ್ತು ಒಂದು ಬೆಕ್ಕು! ಸರಿಯಾಗಿ ಆಗಲೇ ಮೇಲಿನಿಂದ ಮಾವನ ಸೀನು, ಬೀದಿಗೆಲ್ಲ ಕೇಳುವಂಥದ್ದು.

ಸಂಜೆ ಎಂದಿನಂತೆ ಚಿತ್ರಗಳನ್ನು ಆರಿಸಲು ಕೂತವಳು ಸೋಫಾದ ಬೆಕ್ಕನ್ನು ಕಂಡು ಕಂಪ್ಯೂಟರಿನತ್ತ ಬಗ್ಗಿದಳು. ಸೀನಿದ ಭರಕ್ಕೆ ಮಾವನ ಬೆರಳು ತಾನಾಗಿ ಗುಂಡಿ ಒತ್ತಿತ್ತು. ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾ ಕದಲಿರಲಿಲ್ಲ. ಬೆಕ್ಕಿನ ಮೀಸೆ ಕೂಡ ಸ್ಪಷ್ಟ. ಮಾವ ಈ ಚಿತ್ರ ತೆಗೆದದ್ದು ಮಾವನಿಗೇ ಗೊತ್ತಿಲ್ಲ! ಕಳೆದದ್ದೇ ತಿಳಿಯದವನು ಕಳ್ಳರನ್ನು ಹುಡುಕುತ್ತಾನೆಯೆ?

"ಇವತ್ತು ಅಂಥದ್ದೇನೂ ಸಿಗ್ಲಿಲ್ಲ ಮಾವ," ಎಂದಳು.

"ಹೋಗ್ಲಿ ಬಿಡು, ಬೀದಿ ಎಲ್ಲಿಗೋಗತ್ತೆ."

ಪತ್ರಿಕೆಯೊಂದು ಸ್ಪರ್ಧೆ ಕರೆದಿತ್ತು. ಗೆದ್ದವರಿಗೆ ಅಲ್ಲೇ ಫೋಟೋಗ್ರಾಫರ್ ಕೆಲಸ. ಅವಳು ಅವಸರ ಮಾಡಲಿಲ್ಲ. ಚಿತ್ರ ಯಾವ ಕ್ಯಾಮೆರಾದ್ದೆಂದು ಕೇಳುತ್ತಾರೆಂದು ತಿಳಿದು, ಮೊದಲು ಆ ಕ್ಯಾಮೆರಾವನ್ನೇ ಬೇಡಿದಳು. "ತಗೊಳ್ಳೇ, ಅದೂ ನಿನ್ನ ಥರಾನೇ ನನ್ನ ಕಾಟ ತಡ್ಕೊಂಡಿದೆ," ಎಂದು ಮಾವ ಅದನ್ನು ಅವಳ ಕೊರಳಿಗೆ ಹಾಕಿ ಕಣ್ಣು ಒರೆಸಿಕೊಂಡ. ಕಂಪ್ಯೂಟರಿನಲ್ಲಿ ಆ ಚಿತ್ರದ ಫೈಲಿನೊಳಗಿನ ತಾರೀಕನ್ನು ಮುಂದಿನ ರಜಾದಿನಕ್ಕೆ ಸರಿಸಿದಳು. ಆ ದಿನ ಡಾಕ್ಟರರಿಂದ ಬೀಗದಕೈ ಇಸಿದುಕೊಂಡು ಬಾಲ್ಕನಿಯಲ್ಲಿ ಒಬ್ಬಳೇ ನಿಂತು, ಸಾಕ್ಷಿಗಿರಲೆಂದು ಕೆಳಗಿನ ಆಟೋದವರಿಗೆಲ್ಲ ಕಾಣುವಂತೆ ಕೈಬೀಸಿದಳು. ಚಿತ್ರವನ್ನು ಅಂಚಿನಿಂದ ಅಂಚಿಗೆ ಜಾಲಾಡಿದಳು. ತಾನು ಎಲ್ಲೂ ಇಲ್ಲ, ತನ್ನ ನೆರಳೂ ಇಲ್ಲ. ಫ್ರೇಮಿನ ಹೊರಗೆ ನಿಲ್ಲುವ ವಿದ್ಯೆ ಅಷ್ಟು ಚೆನ್ನಾಗಿ ಕಲಿತಿದ್ದಳು.

ಮೊದಲ ಬಹುಮಾನ! ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಷ್ಟು ದೊಡ್ಡದಾಗಿ ಮುದ್ರಿಸೋಣ ಎಂದು ಪತ್ರಿಕೆಯವರು ಕೇಳಿದಾಗ, "ಗೋಡೆ ಎಷ್ಟಿದೆಯೋ ಅಷ್ಟು," ಎಂದುಬಿಟ್ಟಳು.

ಪ್ರದರ್ಶನದ ದಿನ ಮಾವ ಇಸ್ತ್ರಿ ಅಂಗಿ ತೊಟ್ಟು ಬಂದ. "ನಮ್ಮಕ್ಕನ ಮಗಳು! ನಾನೇ ಕಲಿಸಿದ್ದು!" ಎಂದು ಸಂಪಾದಕರ ಕೈ ಹಿಡಿದು ಕುಲುಕಿದ. ಅವಳಿಗೆ ನಗು ತಡೆಯಲಾಗಲಿಲ್ಲ. ಮಾವ ಮಾತ್ರ ಎಲ್ಲರಂತೆ ಬೆಕ್ಕನ್ನು ನೋಡಲಿಲ್ಲ. ರೂಢಿಯಂತೆ ಜೇಬಿನಿಂದ ಭೂತಗನ್ನಡಿ ತೆಗೆದು, ಧೂಳು ಹುಡುಕುತ್ತ ಚಿತ್ರದ ಮೂಲೆಯಿಂದ ಹೊರಟ. ಸಂಪಾದಕರೂ ತಮಾಷೆಗೆಂದು ಅವನ ಜೊತೆ ಬಗ್ಗಿದರು.

ಚಿತ್ರದೊಳಗಿನ ತಿರುವಿನ ಹತ್ತಿರ ಇಬ್ಬರೂ ನಿಂತರು. ನಿಂತೇ ಇದ್ದರು. ಸಂಪಾದಕರು ಮೆಲ್ಲಗೆ ತಿರುಗಿ ಅವಳ ಮುಖ ನೋಡಿದರು, ಮತ್ತೆ ಗೋಡೆ ನೋಡಿದರು. ಕಂಪ್ಯೂಟರಿನಲ್ಲಿ ಸಾಸಿವೆಯಷ್ಟಿದ್ದ ಗುಂಡುಗನ್ನಡಿ ಇಲ್ಲಿ ಊಟದ ತಟ್ಟೆಯಷ್ಟಾಗಿತ್ತು. ಅದರೊಳಗೆ ರಸ್ತೆಯಂಚಿನಲ್ಲಿ ಕೆನ್ನೆಯುಬ್ಬಿಸಿ ಸೀಟಿ ಊದುತ್ತ ಕೈಯೆತ್ತಿ ನಿಂತವಳು ಅವಳು. ಮೇಲೆ ಬಾಲ್ಕನಿಯಲ್ಲಿ, ಕ್ಯಾಮೆರಾದ ಹಿಂದೆ, ಕಣ್ಣು ಮುಚ್ಚಿ ಬಾಯಗಲಿಸಿ ಸೀನುತ್ತಿದ್ದವನು ಮಾವ. "ಎಷ್ಟು ಚೆನ್ನಾಗಿ ಒರೆಸಿದ್ಯಮ್ಮ," ಎಂದ ಮಾವ, ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಳ್ಳುತ್ತ. ಕನ್ನಡಿಯಲ್ಲಿ ಧೂಳಿನ ಒಂದು ಕಣವೂ ಇರಲಿಲ್ಲ.