ಮೊದಲ ಬೆಲೆಗೇ

“ಇಷ್ಟವಾದ ವಸ್ತುವಿನ ಮುಖ ನೋಡಲೇಬೇಡಿ. ಅದರ ಪಕ್ಕದ್ದನ್ನು ನೋಡಿ. ಕೈಗೆತ್ತಿಕೊಂಡ್ರೆ ತಪ್ಪು ಹುಡುಕಿ. ಆಗಲೂ ಬೆಲೆ ಇಳಿಸದಿದ್ರೆ ಹೊರಟುಬಿಡಿ. ಅವರೇ ಕರೀತಾರೆ!”

ಪೋರ್ಚುಗೀಸ್ ಭಾಷೆಯ ಟೀಚರ್ ಹೇಳಿಕೊಟ್ಟ ಮೊದಲ ಪಾಠ ಇದು. ಟೈಲರ್ ಅಂಗಡಿಯ ಮೇಲಿನ ಕೋಣೆ. ಕೆಳಗೆ ಹೊಲಿಗೆ ಮಿಷನ್ ಕಟಕಟ, ಮೇಲೆ ಪರದೇಶಕ್ಕೆ ಹೊರಟವರ ಚೌಕಾಸಿಯ ಪಟಪಟ. ಟೀಚರ್ ತನ್ನದೇ ಕೊಡೆ, ಊಟದ ಡಬ್ಬಿ, ಹಸಿರು ಸ್ಕಾರ್ಫ್ ಮೇಜಿನ ಮೇಲೆ ಹರಡಿ ಅಂಗಡಿ ಹೂಡುತ್ತಿದ್ದಳು.

ಕ್ಲಾಸಿನಲ್ಲಿದ್ದ ಸಲೂನಿನವನು ತಿಂಗಳ ಕೊನೆಗೆ ಪರದೇಶದ ಸೋದರಮಾವನ ಸಲೂನಿಗೆಂದು ವಿಮಾನ ಹತ್ತುವವನಿದ್ದ. ನೂರಾರು ಕತ್ತು ಕಂಡಿದ್ದವನು, ಆ ಸ್ಕಾರ್ಫ್ ಸುತ್ತಿದ ಒಂದೇ ಕತ್ತಿಗೆ ಮರುಳಾಗಿದ್ದ. ಹೊರಡುವುದರೊಳಗೆ ಅವಳು ‘ಹೂಂ’ ಅನ್ನಬೇಕು. ಹೇಗೆ ಕೇಳುವುದು? ಪಾಠ ಇತ್ತಲ್ಲ!

“ಟೀಚರ್, ನಿಮ್ಮ ಧ್ವನಿ ಇವತ್ತು ಎಣ್ಣೆ ಕಾಣದ ಮಿಷನ್ ಥರಾ ಇದೆ.”

ಮರುದಿನ: “ಈ ಹಸಿರು ನಿಮಗೆ ಒಪ್ಪಲ್ಲ ಬಿಡಿ.”

ಕ್ಲಾಸು ನಗುತ್ತಿತ್ತು. ಅವಳ ಹುಬ್ಬು ಚೂರೇ ಏರಿ, ಕಣ್ಣು ಮೇಜಿಗೆ ಇಳಿಯುತ್ತಿತ್ತು. ಅರ್ಥವಾಗಿದೆ ಅವಳಿಗೆ, ಎಂದು ಇವನು ಒಳಗೊಳಗೇ ಸೀಟಿ ಹಾಕುತ್ತಿದ್ದ.

ಚೌಕಾಸಿಯಲ್ಲಿ ಅವನೇ ಫಸ್ಟ್. “ಎ ಮುಯ್ತು ಕಾರು!” ತುಂಬ ದುಬಾರಿ, ಎಂದು ಕೂಗಿ, “ಇಷ್ಟು ಕೊಟ್ರೆ ಕೊಡೆ ಯಾಕಮ್ಮ, ಕಾರೇ ಬರುತ್ತೆ” ಎಂದು ಬೊಚ್ಚುಬಾಯಿ ಮುದುಕಿಯ ದನಿ ತೆಗೆಯುತ್ತಿದ್ದ.

ಲಾಸ್ಟು, ಬೇಕರಿಯ ಸೋಡಾಬುಡ್ಡಿ. ಕನ್ನಡಕದ ದಪ್ಪಕ್ಕೆ ಇವನೇ ಇಟ್ಟ ಹೆಸರು. ಅವನು ಸ್ಕಾರ್ಫನ್ನೇ ನೆಟ್ಟಗೆ ನೋಡಿ, “ಕ್ವಾಂತು ಕುಷ್ತ?” ಎಷ್ಟು, ಎನ್ನುವನು. ಅವಳು ಬೇಕೆಂದೇ ಬಾಯಿಗೆ ಬಂದ ಬೆಲೆ ಹೇಳುವಳು.

“ಎವ್ ಲೆವು!” ತಗೊಳ್ತೀನಿ.

“ಅಯ್ಯೋ, ಚೌಕಾಸಿ ಮಾಡ್ರೀ!”

“ಇಷ್ಟ ಆಯ್ತಲ್ಲ ಟೀಚರ್. ಮತ್ತೆ ಸುಳ್ಳು ಯಾಕೆ?”

ಸಲೂನಿನವನು ಅದನ್ನೇ ಕಣ್ಣು ಕಿರಿದು ಮಾಡಿ ತೊದಲಿ ತೋರಿಸಿದ. ಕ್ಲಾಸು ಹೊಟ್ಟೆ ಹಿಡಿದುಕೊಂಡಿತು. ಟೀಚರೂ ನಕ್ಕಳು, ಸೋಡಾಬುಡ್ಡಿಯ ಕಡೆ ನೋಡುತ್ತ.

ಆಹಾ, ಪಕ್ಕದ್ದನ್ನು ನೋಡ್ತಿದ್ದಾಳೆ! ಸಲೂನಿನವನಿಗೆ ರೋಮಾಂಚನ.

ಉಳಿದದ್ದು ಕೊನೆಯ ಪಟ್ಟು. “ನಾಳೆಯಿಂದ ಬರಲ್ಲ ಟೀಚರ್. ನಿಮ್ಮ ಪಾಠ ಹಿಡಿಸಲಿಲ್ಲ” ಎಂದು ಎದ್ದ. ಮೆಟ್ಟಿಲು ನಿಧಾನಕ್ಕೆ ಇಳಿದ. ಎಡಗಾಲಿಗೆ ಬಲಗಾಲಿನ ಚಪ್ಪಲಿ ಮೆಟ್ಟಿ, ತೆಗೆದು, ಮತ್ತೆ ಮೆಟ್ಟಿದ. ಕರೀತಾಳೆ. ಬೀದಿಯ ತಿರುವಿನವರೆಗೂ ಕಿವಿ ಬೆನ್ನಿಗೇ ಅಂಟಿತ್ತು. ಮಿಷನ್ ಮಾತ್ರ ಕಟಕಟ ಎಂದಿತು.

ವಾರ ಕಾದು, ತಡೆಯಲಾರದೆ ಅವನೇ ಮೆಟ್ಟಿಲು ಹತ್ತಿದ. ಕೋಣೆಯಲ್ಲಿ ಅವಳೊಬ್ಬಳೇ. ಮೇಜಿನ ಮೇಲೆ ಬೇಕರಿಯ ಡಬ್ಬ.

“ಸಿಹಿ ತಗೊಳ್ಳಿ. ನನ್ನ ಮದುವೆ ಗೊತ್ತಾಯ್ತು. ನೀವು ಸೋಡಾಬುಡ್ಡಿ ಅಂತೀರಲ್ಲ, ಅವರ ಜೊತೆ.”

ಅವನು ಡಬ್ಬದ ಮುಚ್ಚಳ ತೆಗೆದು, ಮತ್ತೆ ಮುಚ್ಚಿದ. “ನಾನು ತಪ್ಪು ಹುಡುಕಿದ್ದು... ಇಷ್ಟ ಇದ್ದಿದ್ದಕ್ಕೇ. ನಿಮ್ಮದೇ ಪಾಠ...”

“ಗೊತ್ತಿತ್ತು.”

“ಗೊತ್ತಿತ್ತಾ?”

“ಮೊದಲ ವಾರಾನೇ. ಆದ್ರೂ ಮನೆಗೆ ಹೋಗಿ ಕನ್ನಡಿ ನೋಡ್ಕೋತಿದ್ದೆ, ನಿಜವಾಗ್ಲೂ ಅಷ್ಟು ಕೆಟ್ಟದಾಗಿದೀನಾ ಅಂತ. ಇವತ್ತು ಒಂದು ಒಳ್ಳೆ ಮಾತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ. ನಿಮ್ಮ ಚಪ್ಪಲಿ ನಾಟಕ ಕಿಟಕಿಯಲ್ಲಿ ನಿಂತು ಪೂರ್ತಿ ನೋಡಿದೆ. ಅವತ್ತು ಸಂಜೆ ಅವರು ಬಂದು, ನೀವಂದ್ರೆ ಇಷ್ಟ ಅಂದ್ರು. ಅಷ್ಟೇ.”

“ಒಂದು ಸಲ ಕರೀಬಹುದಿತ್ತಲ್ಲ!”

“ಆ ಪಾಠ ಸಂತೆಗೆ ಕಣ್ರೀ. ನಾನೇನು ಕೊಡೆನಾ?”

ಅವಳು ಸ್ಕಾರ್ಫ್ ಸರಿಪಡಿಸಿಕೊಂಡಳು. ಹಸಿರು ಅವಳಿಗೆ ಎಷ್ಟು ಒಪ್ಪುತ್ತಿತ್ತು!

“ಬಂದಿದ್ದೀರಲ್ಲ, ಕೊನೆ ಪಾಠ ಮುಗಿಸ್ಕೊಂಡು ಹೋಗಿ. ಅಂಗಡಿ ಮುಚ್ಚಿದೆ ಅನ್ನೋದಕ್ಕೆ, ಎಷ್ತಾ ಫೆಶಾದು. ಹೇಳಿ.”

“ಎಷ್ತಾ... ಫೆಶಾದು.”

“ಹಾಗಲ್ಲ. ಇನ್ನೊಮ್ಮೆ. ಯಾರ ಮಿಮಿಕ್ರಿನೂ ಬೇಡ, ನಿಮ್ಮ ಧ್ವನೀಲೇ.”

ಹೇಳಿದ.

“ಈಗ ಸರಿಯಾಯ್ತು” ಎಂದಳು ಟೀಚರ್, ಮೊದಲ ಸಲ ಅವನ ಮುಖವನ್ನು ನೆಟ್ಟಗೆ ನೋಡುತ್ತ.